ಹಿರಿಯರು ಹೋದ ಮೇಲೆ: ದಿನನಿತ್ಯದ ಬದುಕಿಗೆ ಮರಳುವ ಬಗೆ

ಅರಕಲಗೂಡು ಕಡೆಯ ರೈತರೊಬ್ಬರು ಒಂದು ಮಳೆಗಾಲದಲ್ಲಿ ನನ್ನ ಬಳಿ ಬಂದರು. ವಯಸ್ಸು ಐವತ್ತು ದಾಟಿತ್ತು. ಸುಸ್ತು, ಊಟ ಸೇರುವುದಿಲ್ಲ, ಬೆಳಗಿನ ಜಾವ ಮೂರು ಗಂಟೆಗೇ ಎಚ್ಚರವಾಗುತ್ತದೆ, ಎದೆಯ ಮೇಲೆ ಚಪ್ಪಡಿ ಹೇರಿದಂತಾಗುತ್ತದೆ ಎಂದರು. ಅದಾಗಲೇ ರಕ್ತ ಪರೀಕ್ಷೆ, ಇಸಿಜಿ, ಹೊಟ್ಟೆಯ ಸ್ಕ್ಯಾನಿಂಗ್ ಎಲ್ಲವೂ ಆಗಿತ್ತು. ಎಲ್ಲ ವರದಿಗಳೂ ಸರಿಯಾಗಿದ್ದವು. "ಒಂದು ಬಾಟಲಿ ಗ್ಲೂಕೋಸ್ ಹಾಕಿಬಿಡಿ ಡಾಕ್ಟ್ರೇ" ಎಂದು ಕೇಳಿದರು.

ಮನೆಯಲ್ಲಿ ಇತ್ತೀಚೆಗೆ ಏನಾದರೂ ಆಯಿತೇ ಎಂದು ವಿಚಾರಿಸಿದೆ. "ಅಂಥಾದ್ದೇನೂ ಇಲ್ಲ. ಅಪ್ಪ ಹೋಗಿ ಒಂದೂವರೆ ತಿಂಗಳಾಯ್ತು. ಎಂಬತ್ನಾಲ್ಕು ಆಗಿತ್ತು, ವಯಸ್ಸಾಗಿತ್ತು ಬಿಡಿ" ಎಂದರು. "ವಯಸ್ಸಾಗಿತ್ತು ಬಿಡಿ" ಎನ್ನುವಷ್ಟರಲ್ಲಿ ಅವರ ಗಂಟಲು ಕಟ್ಟಿತು. ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ಒಂದೂವರೆ ತಿಂಗಳಲ್ಲಿ ಅವರು ಅತ್ತದ್ದು ಅದೇ ಮೊದಲು ಎಂದು ಜೊತೆಗೆ ಬಂದಿದ್ದ ಅವರ ಮಗ ನನಗೆ ಆಮೇಲೆ ಹೇಳಿದ. (ಈ ಲೇಖನದಲ್ಲಿ ಬರುವ ರೋಗಿಗಳ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಲ್ಲ ಕಡೆಯಿಂದಲೂ ಇಂತಹವರು ಬರುತ್ತಾರೆ. ಅವರ ಕಾಯಿಲೆಗೆ ವರದಿಗಳಲ್ಲಿ ಹೆಸರು ಇರುವುದಿಲ್ಲ. ವಯಸ್ಸಾದ ತಂದೆಯೋ ತಾಯಿಯೋ ತೀರಿಕೊಂಡ ಮೇಲೆ ಮನಸ್ಸು ಮತ್ತು ದೇಹ ಹೇಗೆ ನಡೆದುಕೊಳ್ಳುತ್ತವೆ, ಮತ್ತೆ ಕೆಲಸಕಾರ್ಯಗಳಿಗೆ ಹೊಂದಿಕೊಳ್ಳುವುದು ಹೇಗೆ, ಯಾವಾಗ ವೈದ್ಯರ ನೆರವು ಪಡೆಯಬೇಕು ಎಂಬುದನ್ನು ಈ ವಾರ ನೋಡೋಣ.

ವಯಸ್ಸಾಗಿದ್ದರೂ ದುಃಖ ದುಃಖವೇ

ಚಿಕ್ಕ ವಯಸ್ಸಿನವರು ಸತ್ತರೆ ಊರೇ ಮರುಗುತ್ತದೆ. ಎಂಬತ್ತು ದಾಟಿದವರು ಹೋದರೆ "ತುಂಬು ಜೀವನ ನಡೆಸಿದರು, ಪುಣ್ಯವಂತರು, ಒದ್ದಾಡದೆ ಹೋದರು" ಎನ್ನುತ್ತಾರೆ. ಈ ಮಾತು ಸುಳ್ಳಲ್ಲ, ಹೇಳುವವರ ಉದ್ದೇಶವೂ ಒಳ್ಳೆಯದೇ. ಆದರೆ ಕೇಳುವ ಮಗನಿಗೆ, ಮಗಳಿಗೆ, ತಾನು ಅಳುವುದು ತಪ್ಪೇನೋ ಎಂಬ ಸಂಕೋಚ ಹುಟ್ಟುತ್ತದೆ. ಐವತ್ತು ವರ್ಷದ ಗಂಡಸು, ಮೊಮ್ಮಕ್ಕಳನ್ನು ಕಂಡ ಹೆಂಗಸು, ಅಪ್ಪ ಅಮ್ಮ ಎಂದು ಅಳುವುದುಂಟೇ ಎಂದು ತಾವೇ ತಮ್ಮ ಬಾಯಿ ಕಟ್ಟಿಕೊಳ್ಳುತ್ತಾರೆ.

ನಿಜ ಸಂಗತಿ ಬೇರೆ. ಐವತ್ತು ವರ್ಷ ಜೊತೆಗಿದ್ದವರು ಹೋದಾಗ ಐವತ್ತು ವರ್ಷದ ಅಭ್ಯಾಸಗಳೂ ಮುರಿಯುತ್ತವೆ. ಬೆಳಿಗ್ಗೆ ಎರಡು ಲೋಟ ಕಾಫಿ ಕಾಯಿಸುವ ಕೈಗೆ ಒಂದು ಲೋಟ ಸಾಕು ಎಂದು ಕಲಿಯಲು ದಿನ ಬೇಕು. ಯಾವ ಹೊಲಕ್ಕೆ ಏನು ಹಾಕಬೇಕು, ಯಾರ ಮನೆಯ ಮದುವೆಗೆ ಎಷ್ಟು ಮುಯ್ಯಿ ಮಾಡಬೇಕು ಎಂದು ಕೇಳಲು ಜಗುಲಿಯ ಮೇಲೆ ಒಬ್ಬರಿದ್ದರು, ಈಗ ಇಲ್ಲ. ಅದರ ಜೊತೆಗೆ ಇನ್ನೊಂದು ಭಾವನೆಯೂ ಸೇರಿಕೊಳ್ಳುತ್ತದೆ: ಮನೆಯಲ್ಲಿ ಇನ್ನು ಮುಂದೆ ಹಿರಿಯ ನಾನೇ, ಮುಂದಿನ ಸರದಿಯೂ ನನ್ನದೇ. ಆದುದರಿಂದ ತಂದೆ ತಾಯಿಗೆ ವಯಸ್ಸೆಷ್ಟು ಎಂಬುದರ ಮೇಲೆ ಮಾತ್ರ ದುಃಖದ ಅಳತೆ ನಿಲ್ಲುವುದಿಲ್ಲ.

ದೇಹದಲ್ಲಿ ಏನಾಗುತ್ತದೆ?

ದುಃಖ ಮನಸ್ಸಿಗಷ್ಟೇ ಸಂಬಂಧಪಟ್ಟದ್ದು ಎಂದು ತಿಳಿಯಬಾರದು. ಆಪ್ತರ ಸಾವಿನ ಆಘಾತಕ್ಕೆ ದೇಹದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಮುಂತಾದ ಹಾರ್ಮೋನುಗಳು ಹೆಚ್ಚುತ್ತವೆ. ನಾಡಿ ವೇಗವಾಗುತ್ತದೆ, ರಕ್ತದೊತ್ತಡ ಏರುತ್ತದೆ, ರಕ್ತದಲ್ಲಿ ಸಕ್ಕರೆಯ ಅಂಶ ಹೆಚ್ಚುತ್ತದೆ, ನಿದ್ರೆ ಕೆಡುತ್ತದೆ, ಹಸಿವು ಇಂಗುತ್ತದೆ.

1942ರಲ್ಲಿ ಅಮೆರಿಕದ ಬಾಸ್ಟನ್ ನಗರದ ಕೋಕೋನಟ್ ಗ್ರೋವ್ ಎಂಬ ನೃತ್ಯಶಾಲೆಯಲ್ಲಿ ಬೆಂಕಿ ಬಿದ್ದು ನೂರಾರು ಜನ ಸತ್ತರು. ಸತ್ತವರ ಬಂಧುಗಳೂ ಸೇರಿದಂತೆ ಆಪ್ತರನ್ನು ಕಳೆದುಕೊಂಡವರನ್ನು ಅಭ್ಯಸಿಸಿದ ಮನೋವೈದ್ಯ ಎರಿಕ್ ಲಿಂಡೆಮನ್ 1944ರಲ್ಲಿ ಬರೆದ ಪ್ರಬಂಧದಲ್ಲಿ, ಶೋಕವು ಅಲೆ ಅಲೆಯಾಗಿ ಬರುತ್ತದೆ ಎಂದು ದಾಖಲಿಸಿದರು. ಗಂಟಲು ಬಿಗಿಯುವುದು, ಉಸಿರು ಸಿಕ್ಕಿಕೊಂಡಂತಾಗುವುದು, ನಿಟ್ಟುಸಿರು, ಹೊಟ್ಟೆ ಖಾಲಿಯಾದಂತೆ ಅನಿಸುವುದು, ಕೈಕಾಲು ಸೋಲುವುದು. ಇಂತಹ ಒಂದೊಂದು ಅಲೆ ಇಪ್ಪತ್ತು ನಿಮಿಷದಿಂದ ಒಂದು ಗಂಟೆಯವರೆಗೆ ಇದ್ದು ಇಳಿಯುತ್ತದೆ. ನಮ್ಮ ಅರಕಲಗೂಡಿನ ರೈತರು ಹೇಳಿದ್ದೂ ಇದನ್ನೇ.

ಹಾಗೆಂದು ಎದೆನೋವನ್ನೆಲ್ಲ ದುಃಖದ ಲೆಕ್ಕಕ್ಕೆ ಬರೆಯಬಾರದು. ಹೃದಯಾಘಾತವಾಗಿದ್ದ 1,985 ಮಂದಿಯನ್ನು ಕುರಿತು ಅಮೆರಿಕದಲ್ಲಿ ನಡೆದ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಆಪ್ತರು ತೀರಿಕೊಂಡ ಮೊದಲ 24 ಗಂಟೆಗಳಲ್ಲಿ ಹೃದಯಾಘಾತದ ಸಂಭವ ಬೇರೆ ದಿನಗಳಿಗಿಂತ ಸುಮಾರು 21 ಪಟ್ಟು, ಮೊದಲ ವಾರದಲ್ಲಿ ಸುಮಾರು ಆರು ಪಟ್ಟು ಹೆಚ್ಚು ಎಂದು ಅದರಲ್ಲಿ ಕಂಡುಬಂತು. ಆರೋಗ್ಯವಂತರಲ್ಲಿ ಈ ಅಪಾಯ ಮೂಲತಃ ಬಹಳ ಕಡಿಮೆಯಾದ್ದರಿಂದ ಗಾಬರಿಪಡಬೇಕಾಗಿಲ್ಲ. ಆದರೆ ಮೊದಲೇ ಹೃದ್ರೋಗ, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು, ಬೀಡಿ ಸಿಗರೇಟು ಸೇದುವವರು ಎಚ್ಚರದಿಂದಿರಬೇಕು. ದುಃಖದ ಆಘಾತದಿಂದ ಹೃದಯದ ಸ್ನಾಯು ತಾತ್ಕಾಲಿಕವಾಗಿ ದುರ್ಬಲವಾಗುವ ಟಾಕೋಟ್ಸುಬೋ ಎಂಬ ತೊಂದರೆಯೂ ಉಂಟು. ಇದನ್ನು 1990ರಲ್ಲಿ ಜಪಾನಿನ ವೈದ್ಯರು ವಿವರಿಸಿದರು. ಮುಟ್ಟು ನಿಂತ ಹೆಂಗಸರಲ್ಲಿ ಇದು ಹೆಚ್ಚು. ಬಹುಪಾಲು ಜನ ಕೆಲವು ವಾರಗಳಲ್ಲಿ ಗುಣವಾಗುತ್ತಾರಾದರೂ, ಆರಂಭದಲ್ಲಿ ಇದು ಹೃದಯಾಘಾತದಂತೆಯೇ ಕಾಣುತ್ತದೆ. ಆದ್ದರಿಂದ ಎದೆ ಹಿಂಡಿದಂತಾಗಿ ಬೆವರು, ಉಬ್ಬಸ, ಎಡಗೈ ಅಥವಾ ದವಡೆಗೆ ಹರಿಯುವ ನೋವು ಬಂದರೆ "ಅತ್ತೂ ಅತ್ತೂ ಹೀಗಾಗಿದೆ" ಎಂದು ಮಲಗಿಸಬೇಡಿ. 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ಕೂಡಲೇ ಇಸಿಜಿ ತೆಗೆಸಿ.

ತಿಥಿ ಮುಗಿಯುವವರೆಗೆ ಎಚ್ಚರಿಕೆ

ಸಾವಿನ ಸುದ್ದಿ ಬಂದ ಕ್ಷಣದಿಂದ ತಿಥಿಯವರೆಗೆ ಮನೆಯವರು ತಮ್ಮ ಆರೋಗ್ಯವನ್ನು ಮರೆತೇಬಿಡುತ್ತಾರೆ. ಕೆಲವು ಮುಖ್ಯ ವಿಷಯಗಳನ್ನು ಗಮನದಲ್ಲಿಡಿ.

ಸುದ್ದಿ ಕೇಳಿದ ಮಕ್ಕಳು ಬೆಂಗಳೂರಿನಿಂದ ರಾತ್ರೋರಾತ್ರಿ ತಾವೇ ಕಾರು ಓಡಿಸಿಕೊಂಡು ಊರಿಗೆ ಹೊರಡುತ್ತಾರೆ. ಕಣ್ಣೀರು, ನಿದ್ದೆಗೇಡು, ಆತುರ ಮೂರೂ ಸೇರಿದ ಚಾಲಕ ಹೆದ್ದಾರಿಯಲ್ಲಿ ಅಪಾಯಕಾರಿ. ಸ್ನೇಹಿತರನ್ನೋ ಬಾಡಿಗೆ ಚಾಲಕರನ್ನೋ ಕರೆದುಕೊಳ್ಳಿ, ಇಲ್ಲವೇ ಬಸ್ಸು ಹತ್ತಿ.

ಕರ್ಮ ಮಾಡುವ ಮಗ ಸಕ್ಕರೆ ಕಾಯಿಲೆಯವನಾಗಿದ್ದರೆ ಉಪವಾಸದ ವಿಷಯದಲ್ಲಿ ವೈದ್ಯರನ್ನು ಕೇಳಬೇಕು. ಗ್ಲಿಮೆಪಿರೈಡ್‌ನಂತಹ ಮಾತ್ರೆ ನುಂಗಿಯೋ ಇನ್ಸುಲಿನ್ ಚುಚ್ಚಿಕೊಂಡೋ ಮಧ್ಯಾಹ್ನದವರೆಗೆ ಏನೂ ತಿನ್ನದಿದ್ದರೆ ಸಕ್ಕರೆ ಅಂಶ ಕುಸಿಯುತ್ತದೆ. ನಡುಕ, ಬೆವರು, ತೊದಲು ಮಾತು ಕಂಡರೆ ಕೂಡಲೇ ಸಕ್ಕರೆ ಅಥವಾ ಬೆಲ್ಲದ ನೀರು ಕೊಡಿ. ಎಚ್ಚರವಿಲ್ಲದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಬರಿಗಾಲಿನಲ್ಲಿ ಹೊಳೆಯ ದಂಡೆ, ಸ್ಮಶಾನ ಓಡಾಡಿದವರು ರಾತ್ರಿ ಅಂಗಾಲು ನೋಡಿಕೊಳ್ಳಬೇಕು. ಮಧುಮೇಹಿಗಳಿಗೆ ಮುಳ್ಳು ಚುಚ್ಚಿದ್ದೇ ತಿಳಿಯುವುದಿಲ್ಲ. ಅಸ್ಥಿ ಬಿಡಲು ರಾಮನಾಥಪುರಕ್ಕೋ ಶ್ರೀರಂಗಪಟ್ಟಣಕ್ಕೋ ಹೋದಾಗ, ಮಳೆಗಾಲದಲ್ಲಿ ನೀರು ತುಂಬಿ ಹರಿಯುವಾಗ, ನದಿಗೆ ಇಳಿಯದೆ ದಡದಲ್ಲೇ ತಲೆಗೆ ನೀರು ಹಾಕಿಕೊಂಡರೆ ಶಾಸ್ತ್ರಕ್ಕೇನೂ ಕುಂದು ಬರುವುದಿಲ್ಲ.

ರಕ್ತದೊತ್ತಡದ ಮಾತ್ರೆಯನ್ನು ಗಡಿಬಿಡಿಯಲ್ಲಿ ಬಿಡಬೇಡಿ. ಮನೆಯವರೆಲ್ಲರ ಮಾತ್ರೆಗಳನ್ನು ಒಂದು ಡಬ್ಬಿಗೆ ಹಾಕಿ ಒಬ್ಬರಿಗೆ ವಹಿಸಿಬಿಡಿ. ತಿಥಿಯ ದಿನ ಗಂಡಸರು ಮದ್ಯದಲ್ಲಿ ದುಃಖ ಮರೆಯುವ ರೂಢಿ ಕೆಲವೆಡೆ ಇದೆ. ಅಂದು ಆರಂಭವಾದ ಕುಡಿತ ಅಲ್ಲಿಗೇ ನಿಲ್ಲದ ಮನೆಗಳನ್ನು ನಾನು ಕಂಡಿದ್ದೇನೆ.

ತಿಥಿಗಾಗಿ ಮಾಡುವ ಸಾಲವೂ ಆರೋಗ್ಯದ ವಿಷಯವೇ. ಊರಿಗೆಲ್ಲ ಊಟ ಹಾಕಿ, ಬಡ್ಡಿ ಕಟ್ಟಲಾಗದೆ ನಿದ್ದೆಗೆಟ್ಟು ಬರುವವರಿಗೆ ಯಾವ ಮಾತ್ರೆಯೂ ನಿದ್ದೆ ತರುವುದಿಲ್ಲ.

ದುಃಖಕ್ಕೆ ಮೆಟ್ಟಿಲುಗಳಿವೆಯೇ?

ಎಲಿಜಬೆತ್ ಕುಬ್ಲರ್-ರಾಸ್ ಎಂಬ ವೈದ್ಯೆ 1969ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವಿಕೆ ಎಂಬ ಐದು ಹಂತಗಳನ್ನು ಹೇಳಿದರು. ಅವರು ಅದನ್ನು ಬರೆದದ್ದು ಸ್ವತಃ ಸಾವಿನ ಅಂಚಿನಲ್ಲಿದ್ದ ರೋಗಿಗಳನ್ನು ಮಾತನಾಡಿಸಿ. ಮುಂದೆ ಜನ ಅದನ್ನು ಉಳಿದವರ ಶೋಕಕ್ಕೂ ಹೊಂದಿಸಿಕೊಂಡರು. ಎಲ್ಲರೂ ಒಂದೇ ಕ್ರಮದಲ್ಲಿ ಈ ಮೆಟ್ಟಿಲುಗಳನ್ನು ಹತ್ತುವುದಿಲ್ಲ. ನನಗೆ ಕೋಪವೇ ಬರಲಿಲ್ಲವಲ್ಲ, ನನ್ನ ದುಃಖ ಸರಿಯಿಲ್ಲವೇ ಎಂದು ಯೋಚಿಸಬೇಕಾಗಿಲ್ಲ.

1999ರಲ್ಲಿ ನೆದರ್ಲೆಂಡ್ಸ್‌ನ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಎಂಬ ಮನಶ್ಶಾಸ್ತ್ರಜ್ಞರು ಹೇಳಿದ ಮಾತು ನಮ್ಮ ಅನುಭವಕ್ಕೆ ಹೆಚ್ಚು ಹತ್ತಿರವಾಗಿದೆ. ಆಪ್ತರನ್ನು ಕಳೆದುಕೊಂಡವರು ಎರಡು ದಡಗಳ ನಡುವೆ ಓಡಾಡುತ್ತಿರುತ್ತಾರೆ. ಒಂದು ದಡದಲ್ಲಿ ನೆನಪು, ಅಳು, ಹಂಬಲ. ಇನ್ನೊಂದು ದಡದಲ್ಲಿ ಕೆಲಸ, ಲೆಕ್ಕಪತ್ರ, ಅಡಿಗೆ, ಹೊಸ ಜವಾಬ್ದಾರಿ. ಬೆಳಿಗ್ಗೆ ಅತ್ತು ಮಧ್ಯಾಹ್ನ ಲೆಕ್ಕ ಬರೆಯುವುದು, ಸಂಜೆ ನಗೆಮಾತಿಗೆ ನಕ್ಕು ರಾತ್ರಿ ಮತ್ತೆ ಕಣ್ಣೀರು ಹಾಕುವುದು ಹುಚ್ಚೂ ಅಲ್ಲ, ನಟನೆಯೂ ಅಲ್ಲ. ಗುಣವಾಗುವ ದಾರಿಯೇ ಅದು. ಒಂದೇ ದಡದಲ್ಲಿ ಬಹಳ ಕಾಲ ಕುಳಿತುಬಿಟ್ಟರೆ ತೊಂದರೆ. ಸದಾ ಅಳುತ್ತಿರುವವರಂತೆಯೇ, ಒಮ್ಮೆಯೂ ಅಳದೆ ಕೆಲಸದಲ್ಲಿ ಮುಳುಗಿದವರೂ ಕಷ್ಟಕ್ಕೆ ಸಿಲುಕಬಹುದು.

ನಮ್ಮ ಹಿರಿಯರು ಇದನ್ನು ಪುಸ್ತಕವಿಲ್ಲದೆಯೇ ತಿಳಿದಿದ್ದರು. ಹಲವು ಮನೆಗಳಲ್ಲಿ ಮೂರನೆಯ ದಿನ ಹಾಲುತುಪ್ಪ, ಹನ್ನೊಂದನೆಯ ದಿನ ತಿಥಿ, ಕೆಲವರಲ್ಲಿ ಶಿವಗಣಾರಾಧನೆ, ಕೆಲವರಲ್ಲಿ ವೈಕುಂಠ ಸಮಾರಾಧನೆ, ಆಮೇಲೆ ಮಾಸಿಕ, ವರ್ಷದ ಕೊನೆಗೆ ಆಬ್ದಿಕ, ಪ್ರತಿವರ್ಷ ಪಿತೃಪಕ್ಷ. ಮುಸ್ಲಿಮರಲ್ಲಿ ಬಂಧುಗಳಿಗೆ ಮೂರು ದಿನದ ಶೋಕ, ಪತ್ನಿಗೆ ನಾಲ್ಕು ತಿಂಗಳು ಹತ್ತು ದಿನದ ಇದ್ದತ್. ಎಲ್ಲದರ ಒಳಗೂ ಒಂದೇ ಕ್ರಮವಿದೆ. ಅಳಲು ಒಂದಿಷ್ಟು ದಿನ ಕೊಟ್ಟು, ಜನರ ನಡುವೆ ಕೂರಿಸಿ, ಹಂತ ಹಂತವಾಗಿ ಬದುಕಿಗೆ ಮರಳಿಸಿ, ನೆನಪಿಗೂ ಒಂದು ದಿನ ಗೊತ್ತುಮಾಡುವುದು. ತೊಂದರೆ ಆರಂಭವಾಗುವುದು ಹನ್ನೆರಡನೆಯ ದಿನ. ಶಾಮಿಯಾನ ಬಿಚ್ಚುತ್ತಾರೆ, ನೆಂಟರು ಬಸ್ಸು ಹತ್ತುತ್ತಾರೆ, ಮನೆ ಇದ್ದಕ್ಕಿದ್ದಂತೆ ಖಾಲಿಯಾಗುತ್ತದೆ. ನೀವು ನೆಂಟರಾಗಿದ್ದರೆ ತಿಥಿಗೆ ಬಂದಷ್ಟೇ ಮುಖ್ಯವಾಗಿ ಇಪ್ಪತ್ತೈದನೆಯ ದಿನ ಒಮ್ಮೆ ಬನ್ನಿ.

ಆರೈಕೆ ಮಾಡಿದವರ ಪಾಡು

ಹೊಳೆನರಸೀಪುರ ಕಡೆಯ ಗೃಹಿಣಿಯೊಬ್ಬರು ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿದ್ದ ಅತ್ತೆಯನ್ನು ನಾಲ್ಕು ವರ್ಷ ನೋಡಿಕೊಂಡಿದ್ದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಗಂಜಿ ಕುಡಿಸಿ, ಮಲಮೂತ್ರ ಬಳಿದು, ಬೆನ್ನಿನಲ್ಲಿ ಒಂದು ಹುಣ್ಣೂ ಆಗದಂತೆ ಕಾಪಾಡಿದ್ದರು. ಅತ್ತೆ ತೀರಿಕೊಂಡ ಎರಡು ತಿಂಗಳ ಮೇಲೆ ಸೊಂಟನೋವೆಂದು ಬಂದರು. ಪರೀಕ್ಷೆ ಮುಗಿದ ಮೇಲೆ ತಡೆದು ತಡೆದು ಹೇಳಿದರು: "ಡಾಕ್ಟ್ರೇ, ಅವರು ಹೋದ ದಿನ ರಾತ್ರಿ ನಂಗೆ ಗಾಢವಾಗಿ ನಿದ್ದೆ ಬಂತು. ಸದ್ಯ ಮುಗೀತು ಅಂತ ಅನ್ನಿಸ್ಬಿಡ್ತು. ನಾನೆಂಥ ಪಾಪಿ." ಈಗಲೂ ರಾತ್ರಿ ಎರಡು ಗಂಟೆಗೊಮ್ಮೆ ತಾನಾಗಿ ಎಚ್ಚರವಾಗಿ, ಖಾಲಿ ಮಂಚ ನೋಡಿ ಕೂರುತ್ತೇನೆ ಎಂದರು.

ದೀರ್ಘಕಾಲ ಆರೈಕೆ ಮಾಡಿದವರಿಗೆ ಸಾವಿನ ನಂತರ ನಿರಾಳವೆನಿಸುವುದು ಅತಿ ಸಹಜ. ಅದು ಸಾವನ್ನು ಬಯಸಿದ್ದಕ್ಕೆ ಸಾಕ್ಷಿಯಲ್ಲ. ನಾಲ್ಕು ವರ್ಷ ಹೊತ್ತ ಭಾರ ಇಳಿದಾಗ ದೇಹ ಬಿಡುವ ನಿಟ್ಟುಸಿರು ಅಷ್ಟೆ. ನಿರಾಳವೂ ದುಃಖವೂ ಒಂದೇ ಎದೆಯಲ್ಲಿ ಒಟ್ಟಿಗೆ ಇರಬಲ್ಲವು. ಅವರ ಗಂಡನನ್ನು ಕರೆಸಿ ಮಾತನಾಡಿದೆ. "ನಿಮ್ಮ ತಾಯಿಯ ಬೆನ್ನಿನಲ್ಲಿ ನಾಲ್ಕು ವರ್ಷ ಒಂದು ಹುಣ್ಣೂ ಆಗಲಿಲ್ಲವಲ್ಲ, ಅದು ಆಸ್ಪತ್ರೆಗಳಲ್ಲೂ ಸುಲಭವಲ್ಲ. ಇದನ್ನು ನಿಮ್ಮ ಹೆಂಡತಿಗೆ ನೀವು ಒಂದು ದಿನವಾದರೂ ಹೇಳಿದ್ದೀರಾ?" ಎಂದು ಕೇಳಿದೆ. ಅವರು ತಲೆ ತಗ್ಗಿಸಿದರು. ತಿಥಿಯ ದಿನ ಎಲ್ಲರೂ ಮಗನನ್ನು ಸಮಾಧಾನ ಮಾಡುತ್ತಾರೆ, ಸೊಸೆ ಅಡಿಗೆ ಮನೆಯಲ್ಲಿರುತ್ತಾಳೆ. ಇಂತಹ ಮನೆಯವರು ಈ ಮಾತನ್ನು ದಯವಿಟ್ಟು ಗಮನಿಸಬೇಕು. ಆರೈಕೆ ಮಾಡಿದವರಿಗೆ ಒಮ್ಮೆ ಪೂರ್ಣ ತಪಾಸಣೆಯನ್ನೂ ಮಾಡಿಸಿ. ತಮ್ಮ ರಕ್ತಹೀನತೆ, ಥೈರಾಯ್ಡ್, ರಕ್ತದೊತ್ತಡಗಳನ್ನು ಅವರು ವರ್ಷಗಟ್ಟಲೆ ಕಡೆಗಣಿಸಿರುತ್ತಾರೆ.

"ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದರೆ..."

ದುಃಖಕ್ಕಿಂತ ಹೆಚ್ಚು ಜನರನ್ನು ಕಾಡುವುದು ತಪ್ಪಿತಸ್ಥ ಭಾವನೆ. ಒಂದು ದಿನ ಮುಂಚೆ ಆಸ್ಪತ್ರೆಗೆ ಸೇರಿಸಿದ್ದರೆ? ವೆಂಟಿಲೇಟರ್ ಬೇಡವೆಂದದ್ದು ತಪ್ಪಾಯಿತೇ? ಹೋದ ಹಬ್ಬಕ್ಕೆ ಊರಿಗೆ ಬರಲಿಲ್ಲವಲ್ಲ! ಚನ್ನರಾಯಪಟ್ಟಣದ ಶಿಕ್ಷಕಿಯೊಬ್ಬರು, ತಾವು ಕಾಫಿ ಕುಡಿಯಲು ಹೊರಗೆ ಹೋದ ಹತ್ತು ನಿಮಿಷದಲ್ಲಿ ತಾಯಿ ಕಣ್ಣುಮುಚ್ಚಿದರೆಂದು ಒಂದು ವರ್ಷ ಕಾಫಿ ಬಿಟ್ಟಿದ್ದರು.

ಅಂದು ನಿಮಗಿದ್ದ ತಿಳಿವಳಿಕೆ, ಹಣ, ಸಮಯಗಳಲ್ಲಿ ನೀವು ನಿರ್ಧಾರ ಮಾಡಿದಿರಿ. ಇಂದಿನ ತಿಳಿವಳಿಕೆಯಿಂದ ಅಂದಿನ ನಿರ್ಧಾರಕ್ಕೆ ಶಿಕ್ಷೆ ಕೊಡುವುದು ನ್ಯಾಯವಲ್ಲ. ಎಂಬತ್ತೈದು ದಾಟಿದ, ಹೃದಯ ಮತ್ತು ಮೂತ್ರಪಿಂಡಗಳು ಸೋತ ದೇಹಕ್ಕೆ ಬೆಂಗಳೂರಿನ ಆಸ್ಪತ್ರೆ ಇನ್ನಷ್ಟು ದಿನ ಕೊಡಬಹುದಿತ್ತೇನೋ, ಆ ದಿನಗಳು ಐಸಿಯುವಿನ ಗಾಜಿನ ಆಚೆ ಕಳೆಯುತ್ತಿದ್ದವು. ಮನಸ್ಸು ಒಪ್ಪದಿದ್ದರೆ ಚಿಕಿತ್ಸೆ ನೀಡಿದ ವೈದ್ಯರನ್ನೇ ಒಮ್ಮೆ ಭೇಟಿಯಾಗಿ "ಏನಾಗಿತ್ತು, ಬೇರೆ ದಾರಿ ಇತ್ತೇ?" ಎಂದು ಕೇಳಿ. ಹೀಗೆ ಕೇಳಲು ಬಂದವರಿಗೆ ಹತ್ತು ನಿಮಿಷ ಕೊಡುವುದು ವೈದ್ಯರಾದ ನಮ್ಮ ಕರ್ತವ್ಯ. ಮನಸ್ಸಿನಲ್ಲಿ ಉಳಿದ ಮಾತನ್ನು ಹೋದವರಿಗೇ ಒಂದು ಕಾಗದವಾಗಿ ಬರೆದಿಡುವುದರಿಂದಲೂ ಕೆಲವರಿಗೆ ಹಗುರವಾಗುತ್ತದೆ. ಶಿಕ್ಷಕಿ ಹಾಗೆ ಬರೆದರು. ಬರೆದ ಮೇಲೆ ಒಂದು ದಿನ ತಾವೇ ಕಾಫಿ ಮಾಡಿಕೊಂಡು ಕುಡಿದರಂತೆ.

ಅಪ್ಪ ಕೆಮ್ಮಿದಂತೆ, ಅಮ್ಮ ಕರೆದಂತೆ ಕೇಳಿಸುವುದೂ ಉಂಟು. ಭೂತ ಹಿಡಿಯಿತೆಂದು ಹೆದರಬೇಕಾಗಿಲ್ಲ. ವೇಲ್ಸ್‌ನ ಸಾಮಾನ್ಯ ವೈದ್ಯ ಡ್ಯೂವಿ ರೀಸ್, ಗಂಡ ಅಥವಾ ಹೆಂಡತಿಯನ್ನು ಕಳೆದುಕೊಂಡ 293 ಜನರನ್ನು ಮಾತನಾಡಿಸಿ 1971ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹೋದವರು ಹತ್ತಿರವೇ ಇದ್ದಂತೆ ಅನುಭವವಾಗಿತ್ತು, ಹಲವರು ಅದನ್ನು ಯಾರಿಗೂ ಹೇಳಿರಲಿಲ್ಲ.

ಮರಳುವ ದಾರಿ

ಈ ವಿಷಯದಲ್ಲಿ ವೈದ್ಯನಾದ ನಾನೂ ಒಂದು ಪಾಠ ಕಲಿತಿದ್ದೇನೆ. ನನ್ನ ತಂದೆ ತೀರಿಕೊಂಡಾಗ ಹನ್ನೆರಡನೆಯ ದಿನವೇ ಕ್ಲಿನಿಕ್ಕಿನ ಬಾಗಿಲು ತೆಗೆದೆ. ಕೆಲಸವೇ ಮದ್ದು ಎಂದು ನಂಬಿದ್ದೆ. ತಿಂಗಳಾದ ಮೇಲೆ ನಮ್ಮ ಕಾಂಪೌಂಡರ್ ಮೆಲ್ಲಗೆ ಹೇಳಿದರು: "ಸಾರ್, ತಪ್ಪು ತಿಳೀಬೇಡಿ. ವಯಸ್ಸಾದ ಗಂಡಸರು ಬಂದರೆ ಎರಡೇ ಮಾತಿನಲ್ಲಿ ಕಳಿಸಿಬಿಡ್ತಿದ್ದೀರಿ. ಹೋದ ವಾರ ಒಬ್ಬರ ಬಿ.ಪಿ. ಕೂಡ ನೋಡಲಿಲ್ಲ." ನಿಜವಾಗಿತ್ತು. ಆ ವಯಸ್ಸಿನವರ ಕೆಮ್ಮು ಕೇಳಿದರೆ ನನಗೆ ಕುರ್ಚಿಯಲ್ಲಿ ಕೂರಲಾಗುತ್ತಿರಲಿಲ್ಲ. ಆ ಹಿರಿಯರನ್ನು ಮತ್ತೆ ಕರೆಸಿ ನೋಡಿದಾಗ ರಕ್ತದೊತ್ತಡ 180/100 ಇತ್ತು. ಅಂದಿನಿಂದ ಕೆಲವು ವಾರ ಅರ್ಧ ದಿನ ಮಾತ್ರ ಕ್ಲಿನಿಕ್ ನಡೆಸಿದೆ. ಆ ಅನುಭವದಿಂದಲೂ ಹೇಳುತ್ತಿದ್ದೇನೆ:

1. ಕೆಲಸಕ್ಕೆ ಮರಳುವುದು ಒಳ್ಳೆಯದು, ಆದರೆ ಮೊದಲ ವಾರವೇ ಪೂರ್ತಿ ಭಾರ ಹೊರಬೇಡಿ. ಯಂತ್ರ, ವಾಹನ, ಹಣದ ಎಣಿಕೆ, ಔಷಧಿ ಸಿಂಪರಣೆಯಂತಹ ಕೆಲಸಗಳಲ್ಲಿ ಜೊತೆಗೊಬ್ಬರು ಇರಲಿ. ಮರೆವು, ಗಮನಕುಂದುವಿಕೆ ಕೆಲವು ವಾರ ಇದ್ದೇ ಇರುತ್ತವೆ. ರೈತರಿಗೆ ರಜೆಯಿಲ್ಲ, ಹಸುವಿಗೆ ಸೂತಕ ತಿಳಿಯುವುದಿಲ್ಲ. ಆದ್ದರಿಂದ ಅಕ್ಕಪಕ್ಕದವರು ಹಾಲು ಕರೆಯುವುದನ್ನೋ ನೀರು ಹಾಯಿಸುವುದನ್ನೋ ಹತ್ತು ದಿನ ನೋಡಿಕೊಂಡರೆ ಅದಕ್ಕಿಂತ ದೊಡ್ಡ ಸಾಂತ್ವನ ಇನ್ನೊಂದಿಲ್ಲ.

2. ಏಳುವ ಹೊತ್ತು, ಉಣ್ಣುವ ಹೊತ್ತು ಕಟ್ಟುನಿಟ್ಟಾಗಿರಲಿ. ರಾತ್ರಿ ನಿದ್ದೆ ಬರದಿದ್ದರೂ ಬೆಳಿಗ್ಗೆ ಅದೇ ಹೊತ್ತಿಗೆ ಏಳಿ. ಹಗಲು ನಿದ್ದೆ ಅರ್ಧ ಗಂಟೆ ಮೀರದಿರಲಿ. ಸಂಜೆ ನಾಲ್ಕರ ನಂತರ ಕಾಫಿ, ಟೀ ಬೇಡ. ಹಸಿವಿಲ್ಲದಿದ್ದರೂ ಮುದ್ದೆ, ಸೊಪ್ಪುಸಾರು, ಮಜ್ಜಿಗೆ ಅನ್ನ ಸ್ವಲ್ಪ ಸ್ವಲ್ಪವಾಗಿ ತಿನ್ನಿ.

3. ದಿನಕ್ಕೆ ಅರ್ಧ ಗಂಟೆ ನಡೆಯಿರಿ. ಸಾಧ್ಯವಾದರೆ ಒಬ್ಬರ ಜೊತೆ.

4. ಹೋದವರ ಬಗ್ಗೆ ಮಾತನಾಡಿ. ಹೆಸರೆತ್ತಿದರೆ ನೋವಾಗುತ್ತದೆಂದು ಮನೆಯವರೆಲ್ಲ ಮೌನವಾದರೆ ಒಬ್ಬೊಬ್ಬರೂ ಒಂಟಿಯಾಗುತ್ತಾರೆ.

5. ಅವರ ಬಟ್ಟೆ, ಕನ್ನಡಕ, ಊರುಗೋಲುಗಳನ್ನು ಯಾವಾಗ ತೆಗೆಯಬೇಕೆಂಬುದಕ್ಕೆ ನಿಯಮವಿಲ್ಲ. ಎಲ್ಲರನ್ನೂ ಕೇಳಿ ನಿರ್ಧರಿಸಿ. ಉಳಿದ ಮಾತ್ರೆಗಳನ್ನು ಮಾತ್ರ ಕೂಡಲೇ ಮನೆಯಿಂದ ಹೊರಹಾಕಿ. ಅಪ್ಪನ ನಿದ್ದೆ ಮಾತ್ರೆ, ಬಿ.ಪಿ. ಮಾತ್ರೆಗಳನ್ನು ಮಕ್ಕಳು ನುಂಗಿ ಆಸ್ಪತ್ರೆಗೆ ಬರುವುದು ಅಪರೂಪವಲ್ಲ.

6. ಕಾಗದಪತ್ರದ ಕೆಲಸವನ್ನು ತಡಮಾಡಬೇಡಿ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಸಾವನ್ನು 21 ದಿನಗಳೊಳಗೆ ತಿಳಿಸಬೇಕು. ಮನೆಯಲ್ಲಿ ಸಾವಾದರೆ ಆ ಹೊಣೆ ಮನೆಯವರದೇ. ಮರಣ ಪ್ರಮಾಣಪತ್ರವಿಲ್ಲದೆ ಪೌತಿ ಖಾತೆ, ವಿಮೆ, ಬ್ಯಾಂಕು, ಕುಟುಂಬ ಪಿಂಚಣಿ ಯಾವುದೂ ಮುಂದೆ ಸಾಗದು. ಆದರೆ ಮನೆ ಮಾರುವುದು, ಜಮೀನು ಭಾಗ ಮಾಡುವುದು, ಕೆಲಸ ಬಿಡುವುದು ಮುಂತಾದ ದೊಡ್ಡ ನಿರ್ಧಾರಗಳನ್ನು ಕೆಲವು ತಿಂಗಳಾದರೂ ಮುಂದೂಡಿ. ತಿಥಿಯ ರಾತ್ರಿ ಭಾಗದ ಮಾತೆತ್ತಿ ಅಣ್ಣತಮ್ಮಂದಿರು ಮಾತು ಬಿಟ್ಟರೆ, ಒಂದು ಸಾವಿನ ಜೊತೆ ಇನ್ನೊಂದು ನಷ್ಟವೂ ಸೇರುತ್ತದೆ.

7. ಮೊದಲ ಯುಗಾದಿ, ಮೊದಲ ದೀಪಾವಳಿ, ಆಬ್ದಿಕದ ದಿನಗಳಲ್ಲಿ ದುಃಖ ಮರುಕಳಿಸುತ್ತದೆ. ಗುಣವಾದದ್ದೆಲ್ಲ ಕೆಟ್ಟಿತೆಂದು ತಿಳಿಯಬೇಡಿ. ಅದು ಬಂದು ಹೋಗುವ ಅಲೆ.

ಉಳಿದ ಹಿರಿಯರು, ಮನೆಯ ಮಕ್ಕಳು

ತಂದೆ ಹೋದರೆ ತಾಯಿ, ತಾಯಿ ಹೋದರೆ ತಂದೆ ಮನೆಯಲ್ಲಿ ಉಳಿಯುತ್ತಾರೆ. ಅವರ ಕಡೆ ಹೆಚ್ಚು ಗಮನ ಕೊಡಬೇಕಾದದ್ದು ಮೊದಲ ಆರು ತಿಂಗಳು. ಊಟ, ಮಾತ್ರೆ, ತೂಕ, ನಿದ್ದೆ ನೋಡಿಕೊಳ್ಳಿ. ಅಮ್ಮ ಒಬ್ಬಳೇ ಆದಳೆಂದು ಹದಿನೈದನೆಯ ದಿನವೇ ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಕರೆದೊಯ್ಯಬೇಡಿ. ಗಂಡನ ಜೊತೆಗೆ ಊರು, ನೆರೆಹೊರೆ, ಕೊಟ್ಟಿಗೆ, ಹಿತ್ತಿಲು ಎಲ್ಲವನ್ನೂ ಅವರು ಒಟ್ಟಿಗೇ ಕಳೆದುಕೊಳ್ಳುತ್ತಾರೆ. ಅವರನ್ನೇ ಕೇಳಿ, ಅವರಿಗೆ ಒಪ್ಪಿಗೆಯಾದರೆ ಮೊದಲು ಕೆಲವು ದಿನಗಳಿಗೆಂದು ಕರೆದುಕೊಂಡು ಹೋಗಿ ನೋಡಿ. ಹಿರಿಯರಲ್ಲಿ ಖಿನ್ನತೆ ಅಳುವಾಗಿ ಕಾಣದೆ ಮರೆವು, ಮೌನ, "ನಂಗೇನೂ ಬೇಡ" ಎಂಬ ಮಾತಾಗಿ ಕಾಣಬಹುದು.

ಮಕ್ಕಳಿಗೆ "ಅಜ್ಜಿ ಮಲಗಿದ್ದಾಳೆ", "ಊರಿಗೆ ಹೋಗಿದ್ದಾಳೆ" ಎಂದು ಹೇಳಬೇಡಿ. ಮಗು ಮಲಗಲು ಹೆದರುತ್ತದೆ, ಇಲ್ಲವೇ ದಿನವೂ ದಾರಿ ಕಾಯುತ್ತದೆ. "ಅಜ್ಜಿ ಸತ್ತುಹೋದಳು, ಇನ್ನು ಬರುವುದಿಲ್ಲ, ನಮಗೆಲ್ಲ ದುಃಖವಾಗಿದೆ, ನಾವು ನಿನ್ನ ಜೊತೆಗಿದ್ದೇವೆ" ಎಂದು ಸರಳವಾಗಿ ಹೇಳಿ. ಅದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೆ ಹತ್ತು ಸಲವೂ ಉತ್ತರಿಸಿ.

ಮಾತ್ರೆ ಬೇಕೇ? ವೈದ್ಯರನ್ನು ಯಾವಾಗ ಕಾಣಬೇಕು?

ಸಾಮಾನ್ಯ ಶೋಕಕ್ಕೆ ಔಷಧಿ ಬೇಡ. ಡಯಾಜೆಪಾಂ, ಆಲ್ಪ್ರಜೋಲಂನಂತಹ ನಿದ್ದೆ ಮಾತ್ರೆಗಳನ್ನು ಔಷಧಿ ಅಂಗಡಿಯಿಂದ ತಾವೇ ತಂದು ನುಂಗುವುದು ತಪ್ಪು. ಕೆಲವೇ ವಾರಗಳಲ್ಲಿ ಅವು ಚಟವಾಗುತ್ತವೆ, ವಯಸ್ಸಾದವರು ತೂಕಡಿಸಿ ಬಿದ್ದು ತೊಡೆಮೂಳೆ ಮುರಿದುಕೊಳ್ಳುತ್ತಾರೆ. ಖಿನ್ನತೆಯ ಔಷಧಿ ಖಿನ್ನತೆಗೆ ಮಾತ್ರ, ಅದೂ ವೈದ್ಯರ ಸಲಹೆಯ ಮೇಲೆ.

ಬಹುಪಾಲು ಜನರಲ್ಲಿ ದುಃಖದ ತೀವ್ರತೆ ತಿಂಗಳುಗಳು ಕಳೆದಂತೆ ತಾನಾಗಿ ಇಳಿಯುತ್ತದೆ. ಕೆಲವರಲ್ಲಿ ಇಳಿಯುವುದಿಲ್ಲ. ಆರು ತಿಂಗಳು ಮೀರಿಯೂ ದಿನವಿಡೀ ಅದೇ ಹಂಬಲ, ಕೆಲಸ ಮಾಡಲಾರದ ಸ್ಥಿತಿ ಮುಂದುವರಿದರೆ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಅದನ್ನು ದೀರ್ಘಕಾಲಿಕ ಶೋಕದ ಕಾಯಿಲೆ ಎಂದು ಗುರುತಿಸುತ್ತದೆ. ಈ ಪಟ್ಟಿ 2022ರಿಂದ ಜಾರಿಯಲ್ಲಿದೆ. ಅಮೆರಿಕದ ಮನೋವೈದ್ಯರ ಕೈಪಿಡಿ 2022ರಲ್ಲಿ ವಯಸ್ಕರಿಗೆ ಒಂದು ವರ್ಷದ ಮಿತಿ ಇಟ್ಟಿದೆ. ಇದಕ್ಕೆ ಮಾತಿನ ಚಿಕಿತ್ಸೆ ಇದೆ, ಗುಣವೂ ಆಗುತ್ತದೆ.

ಕೆಳಗಿನ ಲಕ್ಷಣಗಳಿದ್ದರೆ ಆರು ತಿಂಗಳು ಕಾಯಬೇಡಿ:

– "ನಾನೂ ಹೋಗಿಬಿಡುತ್ತೇನೆ", "ಬದುಕಿ ಏನಾಗಬೇಕು" ಎಂಬ ಮಾತು ಅಥವಾ ಯೋಚನೆ.
– ಎರಡು ವಾರ ಮೀರಿ ಎಲ್ಲದರಲ್ಲೂ ನಿರಾಸಕ್ತಿ, ಸ್ನಾನ ಊಟ ಬಿಟ್ಟು ಮಲಗಿರುವುದು, ತಾನು ಯಾತಕ್ಕೂ ಬಾರದವನೆಂಬ ಭಾವನೆ.
– ಒಂದು ತಿಂಗಳಲ್ಲಿ ಗಣನೀಯ ತೂಕ ಇಳಿಕೆ. 60 ಕಿಲೋ ತೂಗುವವರು 3 ಕಿಲೋಗಿಂತ ಹೆಚ್ಚು ಇಳಿದರೆ ಪರೀಕ್ಷೆ ಅಗತ್ಯ.
– ಕುಡಿತ ಅಥವಾ ಮಾತ್ರೆಗಳ ಬಳಕೆ ದಿನೇದಿನೇ ಹೆಚ್ಚುವುದು.
– ಹತೋಟಿಯಲ್ಲಿದ್ದ ರಕ್ತದೊತ್ತಡ, ಸಕ್ಕರೆ ಮತ್ತೆ ಏರುವುದು.

ಮೊದಲು ನಿಮ್ಮ ಕುಟುಂಬ ವೈದ್ಯರಿಗೆ ಹೇಳಿ. "ಸುಸ್ತು" ಎಂದಷ್ಟೇ ಹೇಳದೆ "ಅಮ್ಮ ಹೋಗಿ ಎರಡು ತಿಂಗಳಾಯಿತು" ಎಂಬುದನ್ನೂ ಹೇಳಿ. ಅರ್ಧ ಪರೀಕ್ಷೆಗಳ ಖರ್ಚು ಉಳಿದೀತು. ಅಗತ್ಯವಿದ್ದರೆ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯ ಮನೋವೈದ್ಯ ವಿಭಾಗವನ್ನು ಕಾಣಬಹುದು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಮನೆಯಿಂದ ಹೊರಡಲಾಗದವರಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮನೋವೈದ್ಯರ ಬಳಿ ಹೋದವರೆಲ್ಲ ಹುಚ್ಚರೆಂಬ ಕಾಲ ಹೋಯಿತು.

ಅರಕಲಗೂಡಿನ ಆ ರೈತರಿಗೆ ನಾನು ಗ್ಲೂಕೋಸ್ ಹಾಕಲಿಲ್ಲ. ಅಪ್ಪ ದಿನವೂ ಏನು ಮಾಡುತ್ತಿದ್ದರು ಎಂದು ಕೇಳಿದೆ. ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೋಗಿ, ಅಲ್ಲಿ ಅರ್ಧ ಗಂಟೆ ಹರಟಿ ಬರುತ್ತಿದ್ದರಂತೆ. ಅವರು ಹೋದ ಮೇಲೆ ಹಾಲು ಕಳಿಸಲು ಮಗನನ್ನು ಹಚ್ಚಿ, ಇವರು ಆ ದಾರಿಯನ್ನೇ ತುಳಿದಿರಲಿಲ್ಲ. "ನಾಳೆಯಿಂದ ಕ್ಯಾನು ನೀವೇ ಒಯ್ಯಿರಿ. ಅಲ್ಲಿರುವವರು ನಿಮ್ಮ ತಂದೆಯ ಮಾತೆತ್ತಿದರೆ ಎದ್ದು ಬರಬೇಡಿ, ಕುಳಿತು ಕೇಳಿ" ಎಂದೆ. ಎರಡು ವಾರಕ್ಕೊಮ್ಮೆ ಬಂದು ತೂಕ, ರಕ್ತದೊತ್ತಡ ತೋರಿಸಲು ಹೇಳಿದೆ.

ಮೂರು ತಿಂಗಳ ಮೇಲೆ ತಮ್ಮ ತಾಯಿಯ ಮಂಡಿನೋವಿಗೆಂದು ಅವರನ್ನು ಕರೆತಂದರು. ನೀವು ಹೇಗಿದ್ದೀರಿ ಎಂದು ಕೇಳಿದೆ. "ಡೈರಿ ಹತ್ರ ಹೋದಾಗ ಈಗ್ಲೂ ನೆನಪಾಗ್ತದೆ ಡಾಕ್ಟ್ರೇ. ಒಂದೊಂದು ದಿನ ಅಳೂ ಬರ್ತದೆ. ಆದ್ರೆ ಊಟ ಸೇರ್ತದೆ" ಎಂದರು.